ಸದ್ದಿಲ್ಲದ ಹಾಲಮ್ಮ

ನನ್ನ ಅಕ್ಕ ಹಾಲಮ್ಮನ ಮೈ ಹನ್ನೊಂದು ವರ್ಷ ಒಂದೇ ಒಂದು ಸಲವೂ ಸದ್ದು ಮಾಡಲಿಲ್ಲ. ಬೇರೆ ಊರಿನವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ನಮ್ಮೂರಿನಲ್ಲಿ ಯಾರಿಗೆ ಚಿಂತೆ ಹತ್ತಿದರೂ ಮೈ ಕಿರುಗುಟ್ಟುತ್ತದೆ. ಮೊದಲು ಭುಜ, ಆಮೇಲೆ ಕುತ್ತಿಗೆ, ಆಮೇಲೆ ದವಡೆ. ಕೋಪ ನುಂಗಿಕೊಂಡವರ ಸೊಂಟ ಭಾರ ಹೇರಿದ ಗಾಡಿಯ ಅಚ್ಚಿನಂತೆ ನರಳುತ್ತದೆ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು, ಕಾಫಿ ಮುಗಿಸಿ ಅರ್ಧ ಗಂಟೆ ಮಾತಿಲ್ಲದೆ ಕೂರುತ್ತಾರೆ, ಯಾರ ಮೈ ಏನು ಹೇಳುತ್ತದೆ ಎಂದು ಕೇಳಿಸಿಕೊಳ್ಳಲು. ಟಿಕೆಟ್ ತೆಗೆದುಕೊಳ್ಳದವನನ್ನು ಕಂಡಕ್ಟರ್ ಕಣ್ಣು ಮುಚ್ಚಿಕೊಂಡೇ ಹಿಡಿಯುತ್ತಾನೆ. ಮಾರ್ಚ್ ತಿಂಗಳು ಬಂತೆಂದರೆ ಪರೀಕ್ಷೆಗೆ ಓದುವ ಮಕ್ಕಳ ಕೀಲುಗಳಿಂದಾಗಿ ಬೀದಿಗೆ ಬೀದಿಯೇ ಜೀರುಂಡೆ ಹೊಕ್ಕ ಹಾಗಿರುತ್ತದೆ.

ಹೀಗಾಗಿ ಊರಿನಲ್ಲಿ ಒಂದು ಕಟ್ಟಳೆಯಿದೆ. ಮೈಸದ್ದು ಮೂರು ಮನೆ ಆಚೆಗೆ ಕೇಳಿಸಿದರೆ ಅಂಥವರನ್ನು ಯಾರೂ ಕೆಲಸಕ್ಕೆ ಕರೆಯುವಂತಿಲ್ಲ. ಮಾಲೀಕನಾಗಲಿ, ಗಂಡನಾಗಲಿ, ಅತ್ತೆಯಾಗಲಿ ಎಬ್ಬಿಸುವಂತಿಲ್ಲ. ಅವರು ಊರ ನಡುವಿನ ಒರಗುಮನೆಗೆ ಹೋಗಿ, ಸದ್ದು ಇಳಿಯುವ ತನಕ ಚಾಪೆಯ ಮೇಲೆ ಬಿದ್ದುಕೊಂಡಿರಬಹುದು. ಸದ್ದು ಮೂರು ಮನೆ ದಾಟುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ಪಾಲಾಕ್ಷಯ್ಯ ಎಂಬ ಹಿರಿಯರಿದ್ದಾರೆ. ಬೆನ್ನಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳಿ, ದಿನಕ್ಕೊಂದು ಚೀಟಿ ಬರೆದುಕೊಡುತ್ತಾರೆ. ಚೀಟಿ ಇದ್ದರೆ ರಜೆ, ಇಲ್ಲದಿದ್ದರೆ ಇಲ್ಲ. ಡಾಕ್ಟರು ಕೂಡ ಮೊದಲು ಚೀಟಿ ಎಲ್ಲಿ ಎಂದು ಕೇಳುತ್ತಾರೆ. ಈ ಕಟ್ಟಳೆಯ ಬಗ್ಗೆ ನಮಗೆ ಹೆಮ್ಮೆಯಿತ್ತು. ಮೈ ಕೇಳಿದ್ದನ್ನು ಕೊಡುವ ಊರು ನಮ್ಮದು ಎಂದು ಶಾಲೆಯಲ್ಲಿ ಹೇಳಿಕೊಡುತ್ತಿದ್ದರು. ನಾನೂ ಅದನ್ನು ಬಾಯಿಪಾಠ ಮಾಡಿದವನೇ.

ಒರಗುಮನೆಯಲ್ಲಿ ಮಲಗಿದವರ ಪಕ್ಕ ಕೂರಲು ಜನ ಬೇಕು. ಗದ್ದಲದ ಮೈಯವರು ಕೂತರೆ ಮಲಗಿದವರ ಸದ್ದು ಇನ್ನೂ ಏರುತ್ತದೆ. ಅದಕ್ಕೇ ಹಾಲಮ್ಮ. ಮಲಗಿದವನ ತಲೆಯ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರೆ, ಎಂಥ ಕಿರುಚುವ ಭುಜವೂ ಕಾಲು ಗಂಟೆಯಲ್ಲಿ ತಣ್ಣಗಾಗುತ್ತಿತ್ತು. ಅದು ಹೇಗೆ ಎಂದು ಯಾರೂ ಕೇಳಲಿಲ್ಲ. ನನ್ನದೇ ಅನುಭವ ಹೇಳುವುದಾದರೆ, ಅವಳ ಪಕ್ಕ ಕೂತಾಗ ನನ್ನ ಸದ್ದು ನನಗೇ ನಾಚಿಕೆ ತರಿಸುತ್ತಿತ್ತು. ನಾಚಿಕೆಗೆ ಮೈ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅದನ್ನೇ ನಾವು ಸಮಾಧಾನ ಅಂದುಕೊಂಡಿದ್ದೆವು.

ಅವಳೂ ಮೊದಲು ಎಲ್ಲರ ಹಾಗೇ ಇದ್ದಳು. ಅವ್ವ ತೀರಿಕೊಂಡಾಗ ನನಗೆ ಹದಿನಾಲ್ಕು, ಅವಳಿಗೆ ಇಪ್ಪತ್ತೆರಡು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಆ ಹತ್ತು ದಿನ ಅಕ್ಕನ ಮೈ ಏಳೆಂಟು ಮನೆ ಆಚೆಗೆ ಕೇಳುವಂತೆ ಕಿರುಚುತ್ತಿತ್ತು. ಪಾಲಾಕ್ಷಯ್ಯ ಕರೆಯದಿದ್ದರೂ ತಾವೇ ಬಂದು ಚೀಟಿ ಬರೆದುಕೊಟ್ಟರು. ಅವಳು ಅದನ್ನು ಒಲೆಯ ಮೇಲಿನ ಗೂಡಿನಲ್ಲಿಟ್ಟು ಅಡಿಗೆಗೆ ನಿಂತಳು. ಬಂದ ನೆಂಟರಿಗೆ ಬೇಯಿಸಬೇಕಿತ್ತು, ನನ್ನನ್ನು ಶಾಲೆಗೆ ಕಳಿಸಬೇಕಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಸದ್ದು ಒಮ್ಮೆಗೇ ನಿಂತಿತು. ತಟ್ಟನೆ ಕವಿದ ಆ ಮೌನಕ್ಕೆ ನೆಂಟರೆಲ್ಲ ಅಡಿಗೆಮನೆ ಬಾಗಿಲಿಗೆ ಬಂದರು. ಎಂಥ ಗಟ್ಟಿ ಮನಸ್ಸು ಎಂದು ಹೊಗಳಿದರು. ಹದಿನೈದು ದಿನ ಕಳೆಯುವುದರೊಳಗೆ ಒರಗುಮನೆಯ ಮೇಸ್ತ್ರಿ ಮುರಿಗೆಪ್ಪ ಮನೆಗೆ ಬಂದು, ನಾಳೆಯಿಂದ ಕೂರಾಕೆ ಬಾರಮ್ಮ ಅಂದ. ಅವಳು ಹೋದಳು. ಹೋದವಳು ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಲು ಚೀಟಿ ಬೇಕು, ಚೀಟಿಗೆ ಸದ್ದು ಬೇಕು.

ಅವಳ ನಡಿಗೆ ಊರಿಗೇ ಹೆಸರಾಯಿತು. ಯಾರಾದರೂ ಕರೆದರೆ ಕುತ್ತಿಗೆ ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನು ನಿಧಾನವಾಗಿ ತಿರುಗಿಸುತ್ತಿದ್ದಳು. ಎಷ್ಟು ಗಾಂಭೀರ್ಯ ಅಂದರು ಜನ. ಹರೆಯದ ಹುಡುಗಿಯರು ಕನ್ನಡಿ ಮುಂದೆ ನಿಂತು ಹಾಲಮ್ಮನ ಹಾಗೆ ತಿರುಗುವುದನ್ನು ಕಲಿತರು. ಕೈ ಮೇಲೆತ್ತಲು ಆಗದೆ ಅವಳು ಜಡೆ ಹೆಣೆಯುವುದನ್ನು ಬಿಟ್ಟು ಕೂದಲು ಕತ್ತರಿಸಿಕೊಂಡಳು. ವೈರಾಗ್ಯ ಅಂದರು. ಊಟಕ್ಕೆ ಗಂಜಿ, ನೀರಲ್ಲಿ ನೆನೆಸಿದ ಮಂಡಕ್ಕಿ ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ಬಾಯಿ ಚಮಚದಷ್ಟು ಮಾತ್ರ ತೆರೆಯುತ್ತಿತ್ತು. ಮಿತಾಹಾರಿ ಅಂದರು. ಮಲಗುವುದು ಗೋಡೆಗೆ ಒರಗಿ ಕೂತೇ. ಅದಕ್ಕೂ ಒಂದು ಒಳ್ಳೆಯ ಹೆಸರಿಟ್ಟಿದ್ದರು, ಈಗ ಮರೆತಿದ್ದೇನೆ. ಇದನ್ನೆಲ್ಲ ನಾನು ಒಂದೇ ಸೂರಿನ ಕೆಳಗೆ ಇದ್ದುಕೊಂಡು ದಿನಾ ನೋಡಿದೆ. ಸಂಜೆ ಕೆಲಸ ಮುಗಿಸಿ ಬಂದು, ಅವಳ ಪಕ್ಕ ಕೂತು, ಆವತ್ತಿನ ಸಿಟ್ಟು, ಅವಮಾನ, ಮಾಲೀಕನ ಬೈಗುಳ ಎಲ್ಲ ಹೇಳಿ ನನ್ನ ಭುಜ ಸುಮ್ಮನಾಗಿಸಿಕೊಂಡು ಉಂಡು ಮಲಗುತ್ತಿದ್ದೆ. ನಿನಗೆ ಹೇಗಿದೆ ಎಂದು ಕೇಳಿದ ನೆನಪಿಲ್ಲ. ಕೇಳುವುದೇನು, ಕಿವಿಗೆ ಕೇಳಿಸುತ್ತಿತ್ತಲ್ಲ, ಏನೂ ಇಲ್ಲ ಎಂದು.

ನನ್ನ ಕೆಲಸ ಅಂಗಡಿಗಳ ಶಟರ್ ರಿಪೇರಿ. ಎಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಎಳೆದಾಗ ಕಿರುಚುವ ಶಟರ್ ಸಿಕ್ಕರೆ ನಮಗೆ ಸುಲಭದ ಕೆಲಸ. ಪಟ್ಟಿ ಉಜ್ಜುತ್ತಿದೆ ಅಂದರೆ ಇನ್ನೂ ಓಡುತ್ತಿದೆ ಎಂದೇ ಅರ್ಥ. ಗ್ರೀಸು ಹಚ್ಚಿ, ಸ್ಪ್ರಿಂಗು ಸಡಿಲಿಸಿದರೆ ಸರಿಯಾಗುತ್ತದೆ. ಎಳೆದರೂ ಸದ್ದೇ ಮಾಡದ ಶಟರ್ ಇರುತ್ತದಲ್ಲ, ತುಕ್ಕಿಗೆ ಪಟ್ಟಿ ಪಟ್ಟಿ ಅಂಟಿಕೊಂಡು ಗೋಡೆಯ ಹಾಗೆ ನಿಂತದ್ದು, ಅದಕ್ಕೆ ಮಾತ್ರ ಕೈ ಹಾಕಲು ಹೆದರುತ್ತೇವೆ. ಇದು ನನಗೆ ಗೊತ್ತಿದ್ದ ವಿಷಯ. ಎಂಟು ವರ್ಷ ದಿನಾ ಗೊತ್ತಿದ್ದ ವಿಷಯ.

ಈ ಸಲ ಪರೀಕ್ಷೆಗೆ ಮೊದಲು ಮುರಿಗೆಪ್ಪ ನಮ್ಮ ರಿಪೇರಿ ಅಂಗಡಿಗೆ ಬಂದ. ಹಿಂದಿನ ವರ್ಷ ಹೈಸ್ಕೂಲಿನಲ್ಲಿ ಮುನ್ನೂರು ಮಕ್ಕಳ ಕೀಲುಗಳ ಗದ್ದಲಕ್ಕೆ ಮೇಷ್ಟ್ರು ಹೇಳಿದ್ದು ಕೇಳಿಸದೆ ಅರ್ಧ ಮಕ್ಕಳು ತಪ್ಪು ಪ್ರಶ್ನೆಗೆ ಉತ್ತರ ಬರೆದಿದ್ದರು. ಅದಕ್ಕೆ ಈ ಸಲ ಮೂರು ದಿನವೂ ಹಾಲಮ್ಮನನ್ನು ದೊಡ್ಡ ಹಾಲಿನ ವೇದಿಕೆಯ ಮೇಲೆ ಕೂರಿಸುವುದು, ಅಷ್ಟೂ ಮಕ್ಕಳನ್ನು ಅವಳ ಎದುರೇ ಬರೆಸುವುದು ಎಂದು ತಂದೆತಾಯಿಗಳೆಲ್ಲ ಸೇರಿ ತೀರ್ಮಾನಿಸಿದ್ದಾರೆ ಎಂದ. ನಾನು ಹೂಂ ಅಂದೆ. ಅವಳನ್ನು ಕೇಳಬೇಕು ಎಂದು ಹೊಳೆಯಲೂ ಇಲ್ಲ. ಮುನ್ನೂರು ಮನೆಯವರು ನನಗೆ ನಮಸ್ಕಾರ ಹೊಡೆಯುತ್ತಾರೆ ಎಂಬುದು ಮಾತ್ರ ಹೊಳೆಯಿತು.

ಮನೆಗೆ ಬಂದು ಹೇಳಿದಾಗ ಅಕ್ಕ ಗಂಜಿಯ ಬಟ್ಟಲನ್ನು ಎರಡೂ ಅಂಗೈಯ ನಡುವೆ ಒತ್ತಿ ಹಿಡಿದು ಕೂತಿದ್ದಳು. ಬೆರಳು ಮಡಿಸಿ ಹಿಡಿಯುವುದನ್ನು ಅವಳು ಬಿಟ್ಟು ಎಷ್ಟು ಕಾಲವಾಗಿತ್ತೋ. ಹಲ್ಲಿನ ಸಂದಿಯಿಂದಲೇ ನನ್ನ ಹೆಸರು ಹಿಡಿದು ಮಾತಾಡಿದಳು.

"ಕೊಟ್ರಾ, ಎಲ್ಡು ದಿನ ಮಲಗ್ತೀನಲೇ. ಈ ಸಲ ಬ್ಯಾರೆ ಯಾರನ್ನಾರ ಕೂರ್ಸಾಕೆ ಹೇಳು."

"ನಿನಗ್ಯಾಕಕ್ಕ ರಜೆ? ಮೈ ಒಂಚೂರೂ ಸದ್ದಿಲ್ಲ."

"ಸದ್ದಿಲ್ಲ. ಹೌದು," ಅಂದಳು.

ನಾನು ನಕ್ಕೆ. ನಿನಗೂ ರಜೆ ಬೇಕಾದರೆ ಇನ್ನು ನಮ್ಮಂಥವರ ಗತಿಯೇನು ಎಂದೆ. ಅವಳೂ ನಗಲು ನೋಡಿದಳು ಅನ್ನಿಸುತ್ತದೆ, ಕೆನ್ನೆ ಅಲ್ಲಾಡಲಿಲ್ಲ.

ಪರೀಕ್ಷೆಯ ಮೊದಲ ದಿನ ಬೆಳಿಗ್ಗೆ ಮುರಿಗೆಪ್ಪ ಆಟೊ ತಂದು ಅವಳನ್ನು ಕರೆದುಕೊಂಡು ಹೋದ. ನಾನು ಬಟ್ಟೆ ಅಂಗಡಿಯೊಂದರ ಶಟರ್ ಕೆಲಸಕ್ಕೆ ಹೋದೆ. ಪರೀಕ್ಷೆ ಮುಗಿಯುವುದು ಒಂದೂವರೆಗೆ. ನಾಲ್ಕು ಗಂಟೆಯಾದರೂ ಅಕ್ಕ ಮನೆಗೆ ಬಂದಿಲ್ಲ ಎಂದು ಪಕ್ಕದ ಮನೆಯ ಖಾಜಾಬಿ ಆ ಬಟ್ಟೆ ಅಂಗಡಿಗೇ ಬಂದು ಹೇಳಿದಳು. ನಮ್ಮದು ಮಂಡಕ್ಕಿ ಭಟ್ಟಿಗಳ ಬೀದಿ, ಖಾಜಾಬಿ ಭಟ್ಟಿಯಲ್ಲಿ ಮರಳು ಕಾಯಿಸಿ ಅಕ್ಕಿ ಹುರಿಯುವವಳು. ಕೆಲಸದ ನಡುವೆ ಎದ್ದು ಬರುವವಳಲ್ಲ. ನಾನು ಸ್ಪ್ಯಾನರ್ ಅಲ್ಲೇ ಇಟ್ಟು ಹೈಸ್ಕೂಲಿಗೆ ಹೊರಟೆ.

ಹಾಲಿನಲ್ಲಿ ಐವತ್ತು ಅರವತ್ತು ಜನ ನೆಲದ ಮೇಲೆ ಕೂತಿದ್ದರು. ಎಲ್ಲರ ಕಣ್ಣೂ ಮುಚ್ಚಿತ್ತು. ಊದಿನಕಡ್ಡಿ ಉರಿಯುತ್ತಿತ್ತು. ವೇದಿಕೆಯ ಮೇಲೆ ಮರದ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು, ಕೊರಳಲ್ಲಿ ಒಂದು ಸೇವಂತಿಗೆ ಹಾರ. ನಾನು ಬಾಯಿ ತೆರೆಯುವ ಮೊದಲೇ ಮುರಿಗೆಪ್ಪ ತುಟಿಯ ಮೇಲೆ ಬೆರಳಿಟ್ಟ. ಮಕ್ಕಳು ಒಬ್ಬರೂ ಕಿಟ್ಟ್ ಅನ್ನದೆ ಬರೆದು ಮುಗಿಸಿದರಂತೆ. ಗಂಟೆ ಹೊಡೆದ ಮೇಲೂ ಹಾಲಮ್ಮ ಏಳಲಿಲ್ಲವಂತೆ. ಇಂಥ ಸ್ಥಿತಿ ಯಾರಿಗೂ ಸಿಕ್ಕುವುದಲ್ಲ, ಎಬ್ಬಿಸಬಾರದು ಎಂದು ಹೆಡ್‌ಮಾಸ್ಟರು ಹೇಳಿದರಂತೆ. ಸುದ್ದಿ ಕೇಳಿ ಜನ ಬಂದು ಬಂದು ಕೂತಿದ್ದರು. ಇದನ್ನೆಲ್ಲ ಅವನು ಪಿಸುಮಾತಿನಲ್ಲಿ, ಬಹಳ ಖುಷಿಯಿಂದ ಹೇಳಿದ.

ನಾನು ಮೆಟ್ಟಿಲು ಹತ್ತಿ ಹತ್ತಿರ ಹೋದೆ. ಅವಳ ಕೆಳತುಟಿಯ ಮೇಲೆ ನೊಣ ಕೂತಿತ್ತು. ಅದನ್ನು ಓಡಿಸಲು ಅವಳು ಏನೂ ಮಾಡಲಿಲ್ಲ. ಕಣ್ಣು ಮಾತ್ರ ನನ್ನ ಕಡೆ ತಿರುಗಿತು. ಕಣ್ಣಿನಿಂದ ಕೆನ್ನೆಯ ಮೇಲೆ, ಕೆನ್ನೆಯಿಂದ ಕುತ್ತಿಗೆಗೆ ನೀರು ಇಳಿದು ಒಣಗಿ ಬಿಳಿ ಗೆರೆಯಾಗಿತ್ತು. ಕಣ್ಣು ಮುಚ್ಚಿಕೊಂಡು ಕೇಳಲು ಕೂತವರಿಗೆ ಅದು ಎಲ್ಲಿಂದ ಕಾಣಬೇಕು. ಆಮೇಲೆ ಕೆಳಗೆ ನೋಡಿದೆ. ಕುರ್ಚಿಯ ಕೆಳಗೆ ಗೋಣಿತಾಟು ಹಾಸಿತ್ತು. ತಾಟು ಒದ್ದೆಯಾಗಿತ್ತು. ಅವಳ ಸೀರೆಯೂ ಒದ್ದೆಯಾಗಿತ್ತು. ಎಂದರೆ ಯಾರೋ ಒಬ್ಬರು ಕಣ್ಣು ತೆರೆದು ನೋಡಿದ್ದರು. ನೋಡಿ, ತಾಟು ತಂದು ಮುಚ್ಚಿ, ಮತ್ತೆ ಹೋಗಿ ಕಣ್ಣು ಮುಚ್ಚಿ ಕೂತಿದ್ದರು.

ನಾನು ಅವಳ ಕೈ ಹಿಡಿದೆ. ಮೊಣಕಾಲ ಮೇಲೆ ಬೋರಲಾಗಿ ಇಟ್ಟಿದ್ದ ಕೈ ಮೇಲೆ ಬರಲಿಲ್ಲ. ಬೆರಳು ಬಾಗಲಿಲ್ಲ. ಸ್ವಲ್ಪ ಜಗ್ಗಿದೆ. ಅಂಟಿಕೊಂಡ ಶಟರಿನ ಪಟ್ಟಿ ಹಿಡಿದಾಗ ಅಂಗೈಗೆ ಏನು ತಿಳಿಯುತ್ತದೋ ಅದೇ ತಿಳಿಯಿತು. ಆ ಕ್ಷಣದಲ್ಲಿ ಹನ್ನೊಂದು ವರ್ಷದ ಗಂಜಿ, ಕತ್ತರಿಸಿದ ಕೂದಲು, ತಿರುಗದ ಕುತ್ತಿಗೆ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಇವಳ ಮೈ ಸುಮ್ಮನಾಗಿರಲಿಲ್ಲ, ಸಿಕ್ಕಿಕೊಂಡಿತ್ತು. ನಾವು ಅದಕ್ಕೆ ಹಾರ ಹಾಕಿದ್ದೆವು.

ಕುರ್ಚಿಯಿಂದ ಅವಳನ್ನು ಬಿಡಿಸಲಾಗದೆ ಕುರ್ಚಿಯ ಸಮೇತವೇ ನಾಲ್ಕು ಜನ ಎತ್ತಿಕೊಂಡು ಮನೆಗೆ ತಂದೆವು. ದಾರಿಯುದ್ದಕ್ಕೂ ಜನ ಚಪ್ಪಲಿ ಬಿಟ್ಟು ನಿಂತರು. ಒಬ್ಬ ಮುದುಕಿ ತನ್ನ ಮೊಮ್ಮಗನನ್ನು ಎತ್ತಿ ತೋರಿಸಿದಳು. ಮನೆಯಲ್ಲಿ ಖಾಜಾಬಿ ಅಕ್ಕನ ಒದ್ದೆ ಬಟ್ಟೆ ಕತ್ತರಿಸಿ ತೆಗೆದು ಒಣ ಸೀರೆ ಹೊದಿಸಿದಳು. ಅಷ್ಟರಲ್ಲಿ ಮುರಿಗೆಪ್ಪ ಪಾಲಾಕ್ಷಯ್ಯನವರನ್ನು ಕರೆತಂದಿದ್ದ. ಅವರು ಅಕ್ಕನ ಬೆನ್ನಿಗೆ ಕಿವಿ ಹಚ್ಚಿ ಬಹಳ ಹೊತ್ತು ಕೇಳಿದರು. ಏನೂ ಇಲ್ಲ, ತುಂಬಿದ ಕೆರೆ ಇದ್ದ ಹಾಗಿದ್ದಾಳೆ ಎಂದರು. ಇವಳ ಕೈ ಮುಟ್ಟಿ ನೋಡಿ ಎಂದು ನಾನು ಹೇಳಿದೆ. ಮುಟ್ಟುವುದು ತಮ್ಮ ಕೆಲಸವಲ್ಲ, ಕೇಳುವುದು ಮಾತ್ರ ತಮ್ಮ ಕೆಲಸ ಎಂದರು. ಆಮೇಲೆ ಹೊರಡುವಾಗ, ಹೇಳಬೇಕೋ ಬೇಡವೋ ಎಂಬಂತೆ, ಬಾಗಿಲಲ್ಲಿ ನಿಂತರು.

"ನಿಮ್ಮಕ್ಕ ನನ್ನ ತಾವ ಮೂರು ಸಲ ಬಂದಿದ್ಲಪ್ಪ. ಚೀಟಿ ಕೊಡ್ರಿ ಅಂತ. ಹೋದ ವರ್ಷ ಎಲ್ಡು ಸಲ, ಈ ವರ್ಷ ಒಂದ್ಸಲ. ಸದ್ದಿಲ್ದೆ ಹೆಂಗ್ ಕೊಡ್ಲಿ? ತಮಾಷೆ ಮಾಡ್ತಾಳೆ ಅನ್ಕಂಡೆ."

ಅವಳು ನನ್ನನ್ನು ಕೇಳಿದ್ದು ನಾಲ್ಕನೆಯ ಸಲ. ನಾನೂ ತಮಾಷೆ ಅಂದುಕೊಂಡಿದ್ದೆ.

ಮುರಿಗೆಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಹೊಡೆದು ಕಳಿಸಬಹುದಿತ್ತು. ಅವನು ಬಹಳ ವಿನಯದಿಂದ, ನಾಳೆ ಒಂಬತ್ತೂವರೆಗೆ ನಾಲ್ಕು ಜನ ಗಟ್ಟಿಯಾಳುಗಳನ್ನು ಕರೆದುಕೊಂಡು ಬರುವುದಾಗಿ ಹೇಳಿದ. ಅಮ್ಮನಿಗೆ ಏಳುವ ತೊಂದರೆಯೇ ಬೇಡ, ಕುರ್ಚಿಯಲ್ಲಿ ಹೀಗೇ ಎತ್ತಿಕೊಂಡು ಹೋಗಿ ಹೀಗೇ ತಂದು ಬಿಡುತ್ತೇವೆ ಎಂದ. ಇನ್ನು ಮುಂದೆ ಒರಗುಮನೆಯಲ್ಲೂ ಹೀಗೇ ಆದರೆ ಒಳ್ಳೆಯದು ಎಂದೂ ಸೇರಿಸಿದ. ಇವಳು ಬರುವುದಿಲ್ಲ ಎಂದೆ. ಅವನಿಗೆ ಅರ್ಥವೇ ಆಗಲಿಲ್ಲ. ಚೀಟಿಯಿಲ್ಲದೆ ಯಾರಾದರೂ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮುನ್ನೂರು ಮಕ್ಕಳ ಭವಿಷ್ಯದ ಪ್ರಶ್ನೆ ಎಂದ. ತಂದೆತಾಯಿಗಳೇ ಬಂದು ಎತ್ತಿಕೊಂಡು ಹೋದರೆ ತಡೆಯಲು ನಿನಗೆ ಕಟ್ಟಳೆಯಲ್ಲಿ ಏನು ಆಧಾರವಿದೆ ಎಂದೂ ಕೇಳಿದ. ಆಧಾರ ಇರಲಿಲ್ಲ. ನಮ್ಮೂರಿನಲ್ಲಿ ಒಂದು ಮೈಯನ್ನು ಬಿಡಿಸಿಕೊಳ್ಳಲು ಇರುವ ಆಧಾರ ಒಂದೇ. ನಾಳೆ ಒಂಬತ್ತೂವರೆಯೊಳಗೆ ಹಾಲಮ್ಮನ ಮೈ ಮೂರು ಮನೆ ಆಚೆಗೆ ಕೇಳಬೇಕು.

ಅವನು ಹೋದ ಮೇಲೆ ನಾನು ಮೂರ್ಖನ ಹಾಗೆ ಅವಳ ಬೆರಳು ಹಿಡಿದು ಎಳೆಯತೊಡಗಿದೆ. ಸಡಿಲ ಬಿಡಕ್ಕ, ಸಡಿಲ ಬಿಡು ಎಂದು ಕಿವಿಯ ಹತ್ತಿರ ಕೂಗಿದೆ. ನನ್ನ ಭುಜಗಳು ಕಿರುಚುತ್ತಿದ್ದವು. ಎಳೆದಷ್ಟೂ ಅವಳ ಕೈ ಇನ್ನೂ ಬಿಗಿಯಿತು. ಕಣ್ಣು ಹೆದರಿ ಅಗಲವಾಯಿತು. ಖಾಜಾಬಿ ನನ್ನ ಕೈ ಕಿತ್ತು ಪಕ್ಕಕ್ಕೆ ತಳ್ಳಿದಳು.

"ಎಳೀಬ್ಯಾಡ ತಮ್ಮಾ. ಬಿಡು ಅಂತಾನೂ ಹೇಳಬ್ಯಾಡ. ಬಿಡು ಅಂದ್ರೆ ಅದೂ ಒಂದ್ ಕೆಲಸ ಹೇಳ್ದಂಗೆ. ಹನ್ನೊಂದ್ ವರ್ಷ ಎಲ್ಲಾರೂ ಕೆಲಸಾನೇ ಹೇಳೀರಿ."

ಅವಳು ಭಟ್ಟಿಗೆ ಹೋಗಿ ಕಾದ ಮರಳನ್ನು ಹಳೆಯ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ತಂದಳು. ಭಟ್ಟಿಯ ಹೆಂಗಸರಿಗೆ ಇದು ಗೊತ್ತಿದ್ದ ಕೆಲಸ. ಅವರು ದಿನಾ ಸಂಜೆ ಮಂಡಕ್ಕಿ ಚೀಲಗಳ ಮೇಲೆ ಬೆನ್ನು ಚೆಲ್ಲಿ, ಒಬ್ಬರ ಕಾಲ ಮೇಲೊಬ್ಬರು ಮರಳಿನ ಗಂಟು ಇಟ್ಟುಕೊಂಡು, ಗಂಡಂದಿರನ್ನೂ ಮಾಲೀಕರನ್ನೂ ಬೈಯುತ್ತಾ ಅರ್ಧ ಗಂಟೆ ಮನಸಾರೆ ಕಿರುಗುಟ್ಟುತ್ತಿದ್ದರು. ಪಾಲಾಕ್ಷಯ್ಯನ ಚೀಟಿಗೆ ಅವರೆಂದೂ ಕಾದವರಲ್ಲ. ಆ ಬೀದಿಯ ಗದ್ದಲ ಕೇಳಿ ಊರ ದೊಡ್ಡವರು ಮುಖ ಸಿಂಡರಿಸುತ್ತಿದ್ದರು. ನಾನೂ ಬೇಗ ಹೆಜ್ಜೆ ಹಾಕಿ ಮನೆ ಸೇರುತ್ತಿದ್ದೆ, ಸದ್ದಿಲ್ಲದ ಅಕ್ಕನಿರುವ ಮನೆ ನಮ್ಮದು ಎಂಬ ಜಂಬದಲ್ಲಿ. ಹಾಲಮ್ಮನನ್ನೂ ಎಷ್ಟೋ ಸಲ ಕರೆದಿದ್ದಳಂತೆ ಖಾಜಾಬಿ. ತಮ್ಮ ಬರೋ ಹೊತ್ತಾತು ಎಂದು ಅಕ್ಕ ಅನ್ನುತ್ತಿದ್ದಳಂತೆ.

ಮರಳಿನ ಗಂಟನ್ನು ಬಲಗೈಯ ಮೇಲೆ ಇಟ್ಟೆವು. ಆರಿದರೆ ಇನ್ನೊಂದು. ಏನೂ ಕೇಳಬೇಡ, ಯಾವುದಕ್ಕೂ ಕಾಯಬೇಡ, ಸುಮ್ಮನೆ ಪಕ್ಕದಲ್ಲಿ ಏನಾದರೂ ಹರಟುತ್ತಿರು ಎಂದಳು ಖಾಜಾಬಿ. ನನಗೆ ಹರಟಲು ಬರುವುದಿಲ್ಲ ಎಂದು ಆವತ್ತು ಗೊತ್ತಾಯಿತು. ಅಕ್ಕನ ಹತ್ತಿರ ನಾನು ದೂರು ಬಿಟ್ಟು ಬೇರೇನೂ ಹೇಳಿದವನಲ್ಲ. ಖಾಜಾಬಿಯೇ ತನ್ನ ಸೊಸೆಯ ಸಾರಿನ ಬಗ್ಗೆ, ಭಟ್ಟಿಯ ಬೆಕ್ಕು ಮರಳಿನಲ್ಲಿ ಬಾಲ ಸುಟ್ಟುಕೊಂಡದ್ದರ ಬಗ್ಗೆ ಹೇಳುತ್ತಾ ಹೋದಳು. ಬೆಕ್ಕಿನ ಕಥೆಯನ್ನು ಎರಡು ಸಲ ಹೇಳಿದಳು. ಅಕ್ಕನ ಕಣ್ಣು ಎಷ್ಟೋ ಹೊತ್ತಿನ ಮೇಲೆ ಮುಚ್ಚಿತು. ಬೆಳಕು ಹರಿದಾಗಲೂ ಕೈ ಹಾಗೇ ಇತ್ತು.

ಒಂಬತ್ತು ಗಂಟೆಗೆ ಬೀದಿ ತುಂಬಿತು. ಮುರಿಗೆಪ್ಪ, ನಾಲ್ಕು ಆಳುಗಳು, ಹಿಂದೆ ಒಂದು ನೂರು ತಂದೆತಾಯಿಗಳು, ಯೂನಿಫಾರ್ಮ್ ಹಾಕಿದ ಮಕ್ಕಳು. ಎಲ್ಲರ ಮೈಯೂ ಕಿರುಗುಟ್ಟುತ್ತಿತ್ತು. ಆ ಗದ್ದಲದಲ್ಲಿ ಮುರಿಗೆಪ್ಪ ಕೈ ಮುಗಿದು ಏನೋ ಹೇಳುತ್ತಿದ್ದ, ಕೇಳಿಸಲಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತೆ. ಒಬ್ಬ ತಂದೆ ನನ್ನ ಅಂಗಿ ಹಿಡಿದ. ನಿನ್ನ ಅಕ್ಕ ನಿನ್ನೊಬ್ಬನಿಗೇ ಏನು ಎಂದು ಒಬ್ಬಳು ತಾಯಿ ಅಳುತ್ತಾ ಕೇಳಿದಳು. ಆಳುಗಳು ನನ್ನನ್ನು ಪಕ್ಕಕ್ಕೆ ಸರಿಸಿ ಒಳಗೆ ಬಂದು ಕುರ್ಚಿಯ ಕಾಲಿಗೆ ಕೈ ಹಾಕಿದರು. ನನ್ನ ಶಕ್ತಿ ಅಲ್ಲಿಗೆ ಮುಗಿದಿತ್ತು.

ಆಗ ಅಕ್ಕನ ಬಲಗೈಯ ಕಿರುಬೆರಳು ಕಿರ್ ಅಂದಿತು.

ಬಹಳ ಸಣ್ಣ ಸದ್ದು. ಸೂಜಿಯನ್ನು ಗಾಜಿನ ಮೇಲೆ ಎಳೆದಷ್ಟು. ಆದರೂ ಆಳುಗಳು ಕುರ್ಚಿ ಬಿಟ್ಟು ಹಿಂದೆ ಸರಿದರು. ಹಾಲಮ್ಮನಿಂದ ಸದ್ದು ಬರುವುದನ್ನು ಅವರು ಕೇಳಿರಲಿಲ್ಲ. ಖಾಜಾಬಿ ಮರಳಿನ ಗಂಟನ್ನು ತುಸು ಮೇಲಕ್ಕೆ ಸರಿಸಿದಳು. ಎರಡನೆಯ ಬೆರಳು. ಮೂರನೆಯದು. ಆಮೇಲೆ ಐದೂ ಒಟ್ಟಿಗೆ ಶುರುವಾದವು. ಅದನ್ನು ಕಿರುಗುಟ್ಟುವುದು ಅನ್ನಲಾಗದು. ನಾನು ಹಳೆಯ ಗೋದಾಮಿನ ಇಪ್ಪತ್ತಡಿ ಶಟರನ್ನು ತೆರೆದವನು, ಹತ್ತಿ ಮಿಲ್ಲಿನ ಕಬ್ಬಿಣದ ಗೇಟು ಕಿತ್ತವನು, ಅಂಥ ಸದ್ದನ್ನು ಕೇಳಿರಲಿಲ್ಲ. ಗೂಡಿನಲ್ಲಿದ್ದ ಪಾತ್ರೆಗಳು ನಡುಗಿ ಕೆಳಗೆ ಬಿದ್ದವು. ಕಿಟಕಿಯ ಗಾಜು ಬಿರಿಯಿತು. ಬೀದಿಯಲ್ಲಿದ್ದವರ ಮೈಗಳೆಲ್ಲ ಒಂದೇ ಏಟಿಗೆ ಸುಮ್ಮನಾದವು, ಅಷ್ಟು ಜನರ ಭಯಕ್ಕೂ ಆ ಸದ್ದಿನ ಎದುರು ಬಾಯಿ ಬರಲಿಲ್ಲ. ಮಕ್ಕಳು ಕಿವಿ ಮುಚ್ಚಿಕೊಂಡು ಕೂತುಬಿಟ್ಟರು. ನನ್ನ ಅಂಗಿ ಹಿಡಿದಿದ್ದ ತಂದೆ ಅಂಗಿ ಬಿಟ್ಟು, ಇದೇನಿದು, ಇದೇನಿದು ಎಂದು ಕೇಳುತ್ತಲೇ ಇದ್ದ. ಆಳುಗಳಲ್ಲೊಬ್ಬ ಅಕ್ಕನ ಕಾಲ ಹತ್ತಿರ ಕುಸಿದು ಕೂತು ಎವೆಯಿಕ್ಕದೆ ಅವಳ ಕೈಯನ್ನೇ ನೋಡುತ್ತಿದ್ದ. ಎರಡು ತಿಂಗಳ ಹಿಂದೆ ಅವನ ಮಗು ಸತ್ತಾಗ ಅವನ ಪಕ್ಕದಲ್ಲಿ ಮೂರು ದಿನ ಕೂತವಳು ಇವಳೇ.

ಎಡಗೈ ಶುರುವಾಗುವ ಹೊತ್ತಿಗೆ ಊರಂಚಿನ ನಾಲೆಯ ಆಚೆಯವರೂ ಮನೆಯಿಂದ ಹೊರಗೆ ಬಂದಿದ್ದರಂತೆ. ಹೈಸ್ಕೂಲಿನ ಗಂಟೆ ತಾನಾಗಿ ಅಲ್ಲಾಡಿತಂತೆ. ಅದು ನಿಜವೋ ಸುಳ್ಳೋ ಗೊತ್ತಿಲ್ಲ. ಪಾಲಾಕ್ಷಯ್ಯ ಓಡಿ ಬಂದದ್ದನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಎಪ್ಪತ್ತು ದಾಟಿದ ಮನುಷ್ಯ, ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. ಬೆನ್ನಿಗೆ ಕಿವಿ ಹಚ್ಚುವ ಪ್ರಶ್ನೆಯೇ ಇರಲಿಲ್ಲ. ಹೊಸ್ತಿಲಲ್ಲಿ ನಿಂತೇ ಚೀಟಿ ಬರೆದರು. ಮುಖ ಬಿಳಿಚಿಕೊಂಡಿತ್ತು. ಚೀಟಿಯನ್ನು ನನ್ನ ಕೈಗೆ ಕೊಡದೆ ಅಕ್ಕನ ಮಡಿಲಲ್ಲಿಟ್ಟು, ತಪ್ಪಾತು ತಾಯಿ ಎಂದರು. ಚೀಟಿಯಲ್ಲಿ ಒಂದು ದಿನದ ರಜೆ ಎಂದಿತ್ತು. ಅವರು ಬರೆದು ಅಭ್ಯಾಸವಿದ್ದದ್ದು ಅಷ್ಟೇ.

ಎಷ್ಟು ಹೊತ್ತು ಹಾಗೆ ನಡೆಯಿತೋ. ಕೊನೆಗೆ ಹತ್ತೂ ಬೆರಳು ಸಡಿಲವಾಗಿ ಮೊಣಕಾಲಿನಿಂದ ಜಾರಿ ಬಿದ್ದವು. ಸದ್ದು ನಿಂತಿತು. ಬೀದಿಯಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಅಕ್ಕ ಬೆರಳುಗಳನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಯಾರದೋ ಕೈ ನೋಡುವ ಹಾಗೆ ನೋಡಿದಳು. ಮುರಿಗೆಪ್ಪ ಕಿಟಕಿಯಿಂದ ಇಣುಕಿ, ಅಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನೆಟ್ಟಗೆ ಅವಳನ್ನೇ ಕೇಳಿದ.

"ಮುಗೀತೇನಮ್ಮ?"

ಅವಳ ದವಡೆ ಇನ್ನೂ ಬಿಗಿದೇ ಇತ್ತು. ಹಲ್ಲಿನ ಸಂದಿಯಿಂದ ಒಂದೊಂದೇ ಮಾತು ಹೊರಗೆ ಬಂತು.

"ಇದು ಬೆರಳಿಂದು. ಭುಜ ಇನ್ನಾ ಶುರುವಾಗಿಲ್ಲ."

ಮುರಿಗೆಪ್ಪನ ಮುಖ ಕಿಟಕಿಯಿಂದ ಮಾಯವಾಯಿತು. ಬೀದಿಯಲ್ಲಿ ಮೊದಲು ಒಬ್ಬಳು ತಾಯಿ ಮಗನ ಕೈ ಹಿಡಿದು ಹೊರಟಳು. ಆಮೇಲೆ ಎಲ್ಲರೂ ಹೊರಟರು, ಮೊದಲು ನಡೆದು, ಆಮೇಲೆ ಓಡಿ. ಪರೀಕ್ಷೆ ಎಲ್ಲಿ ನಡೆಸಿದರೋ, ನಡೆಸಿದರೋ ಇಲ್ಲವೋ, ನಾನು ಕೇಳಲಿಲ್ಲ. ಬಾಗಿಲು ಹಾಕಿ ಬಂದೆ. ಖಾಜಾಬಿ ಆಗಲೇ ಹೊಸ ಮರಳಿನ ಗಂಟನ್ನು ಅಕ್ಕನ ಮಣಿಕಟ್ಟಿನ ಮೇಲಿಟ್ಟು, ಸೊಸೆಯ ಸಾರಿನ ಕಥೆಯನ್ನು ಬಿಟ್ಟ ಕಡೆಯಿಂದ ಹಿಡಿದಿದ್ದಳು.